ಚಿಕ್ಕಮಲ್ಲಮ್ಮನ ಕಬ್ಬಿಣದ ಹುಣಸೆ

ಸಿಟ್ಟು ಬಂದರೆ ಕೆಲವರು ಕಿರುಚಾಡುತ್ತಾರೆ, ಕೆಲವರು ಊಟ ಬಿಟ್ಟು ಮುಸುಕೆಳೆದು ಮಲಗುತ್ತಾರೆ, ಇನ್ನು ಕೆಲವರು ತವರಿಗೆ ಹೋಗಿ ಕೂರುತ್ತಾರೆ. ಹೊನ್ನೇಕಟ್ಟೆಯ ಚಿಕ್ಕಮಲ್ಲಮ್ಮ ಬತ್ತಿಹೋದ ಬೋರ್‌ವೆಲ್ಲಿನ ಕಬ್ಬಿಣದ ಪೈಪುಗಳನ್ನೆಲ್ಲ ಕೀಳಿಸಿ, ಟೆಂಪೊಗೆ ಹೇರಿಸಿ, ಡ್ರೈವರಿನ ಪಕ್ಕ ಸೆರಗು ಹೊದ್ದು ಕೂತು ಚಾಮರಾಜನಗರಕ್ಕೆ ಹೋದಳು. ಅಂಥ ಸಿಟ್ಟು ಅದು. ಎರಡು ವರ್ಷವಾದರೂ ಆರಲಿಲ್ಲ. ಈಗ ಆರಿದೆ ಎಂದು ಯಾರಾದರೂ ಹೇಳಿದರೆ ನೀವು ನಂಬಬೇಡಿ.

ಯಾರ ಮೇಲೆ ಸಿಟ್ಟು? ಸ್ವಂತ ಭಾವನ ಮೇಲೆ. ಗಂಡನ ಒಡಹುಟ್ಟಿದ ಅಣ್ಣ ಪುಟ್ಟಮಲ್ಲಪ್ಪನ ಮೇಲೆ.

ಹೊನ್ನೇಕಟ್ಟೆ ಹರವೆ ಹೋಬಳಿಯ ಊರು. ಊರ ಹಿಂದೆ ಕೆರೆ. ಕೆರೆ ತುಂಬಿದಾಗ ನೀರು ಹಿಂದಕ್ಕೆ ಸರಿದು ಬಂದು ನಿಲ್ಲುವ ಕಡೆ ಚಿಕ್ಕಮಲ್ಲಮ್ಮನ ಹೊಲ, ಹೊಲದ ಬದುವಿನಲ್ಲಿ ಎರಡು ಹಳೇ ಹುಣಸೆಮರ. ಆ ಮರಗಳ ಬುಡದಲ್ಲೇ ಅವಳ ಗಂಡ ಶಿವಮಲ್ಲಪ್ಪನ ಗದ್ದುಗೆ. ಅವರ ಮನೆತನದಲ್ಲಿ ಸತ್ತವರನ್ನು ಸುಡುವುದಿಲ್ಲ. ಕೂರಿಸಿ ಮಣ್ಣು ಮಾಡಿ, ಅನುಕೂಲವಿದ್ದರೆ ಮೇಲೊಂದು ಕಟ್ಟೆ ಕಟ್ಟುತ್ತಾರೆ. ಶಿವಮಲ್ಲಪ್ಪ ಬದುಕಿದ್ದಾಗಲೇ ಹೇಳಿಟ್ಟಿದ್ದ. "ನನ್ನ ಇಲ್ಲೇ ಕೂರ್ಸಿ ಕಣಮ್ಮಿ. ಕೊಕ್ಕರೆ ಕೊಕ್ಕು ಕುಟ್ಟೋದ ಕೇಳ್ಕೊಂಡು ಇರ್ತೀನಿ" ಎಂದಿದ್ದ. ಹಾಗೇ ಮಾಡಿದರು.

ಸಂಕ್ರಾಂತಿ ಕಳೆಯುತ್ತಿದ್ದಂತೆ ಕೊಕ್ಕರೆಗಳು ಬರುತ್ತಿದ್ದವು. ಹಳದಿ ಕೊಕ್ಕಿನ, ಬಾಲದ ಹತ್ತಿರ ಗುಲಾಬಿ ಬಳಿದಂತಿರುವ ದೊಡ್ಡ ಹಕ್ಕಿಗಳು. ಕೆರೆ ತುಂಬಿದ ವರ್ಷವಂತೂ ಎರಡು ಮರದಲ್ಲೂ ಎಲೆಗಿಂತ ಗೂಡೇ ಹೆಚ್ಚು. ಗಂಡ ಹೋದ ಮೇಲೆ ಚಿಕ್ಕಮಲ್ಲಮ್ಮ ಮಧ್ಯಾಹ್ನದ ಮುದ್ದೆಯನ್ನು ಅಲ್ಲಿಗೇ ಒಯ್ದು ಉಣ್ಣುತ್ತಿದ್ದಳು. ಉಣ್ಣುತ್ತ ಗಂಡನಿಗೆ ಮನೆಯ ಸಮಾಚಾರ ಹೇಳುವಳು. ಮೇಲಿಂದ ಹಿಕ್ಕೆ ಬಿದ್ದರೆ, "ನಿಮ್ಮನೆ ಆಳಾಗ, ಗಂಡ ಎಂಡ್ರು ಮಾತಾಡಕ್ಕೂ ಬುಡಾಕಿಲ್ವಲ್ಲ" ಎಂದು ಬೈದು ಜಾಗ ಬದಲಿಸುವಳು. ಅವಳಿಗೆ ಅಷ್ಟು ಸಾಕಾಗಿತ್ತು.

ಪುಟ್ಟಮಲ್ಲಪ್ಪನಿಗೆ ಯಾವುದೂ ಸಾಕಾಗುತ್ತಿರಲಿಲ್ಲ. ಬೆಳಗ್ಗೆದ್ದು ಹಣೆತುಂಬ ವಿಭೂತಿ, ಎದೆಯ ಮೇಲೆ ಲಿಂಗ, ಬಾಯಿಬಿಟ್ಟರೆ ಶಿವಶಿವಾ. ಎರಡು ಸಾವಿರದ ಐದರಲ್ಲಿ ಮಳೆ ಚೆನ್ನಾಗಿ ಹುಯ್ದು ಕೆರೆ ಕೋಡಿ ಬಿತ್ತಲ್ಲ, ಆಗ ಮೀನಿನ ಹರಾಜಿನಲ್ಲಿ ಕೆರೆಯನ್ನು ಹಿಡಿದದ್ದು ಅವನೇ. ಆದರೆ ಮೀನು ಮುಟ್ಟದ ಜಾತಿಯಲ್ಲಿ ಹುಟ್ಟಿ ಮೀನಿನ ವ್ಯಾಪಾರ ಮಾಡಿದರೆ ನೆಂಟರು ಮನೆಯಲ್ಲಿ ನೀರು ಕುಡಿಯುವರೇ? ಅದಕ್ಕೇ ತನ್ನ ಆಳು ರಾಚಯ್ಯನ ಹೆಸರಿನಲ್ಲಿ ಹಿಡಿಸಿದ. ಹೆಸರು ರಾಚಯ್ಯನದು, ಕೆರೆಗೆ ಬಿಟ್ಟ ಮರಿಯೆಲ್ಲ ಪುಟ್ಟಮಲ್ಲಪ್ಪನದು. ಊರಿಗೆಲ್ಲ ಗೊತ್ತಿತ್ತು, ಆದರೆ ಬಾಯಿ ಬಿಟ್ಟವರು ಒಬ್ಬರೂ ಇಲ್ಲ.

ಮಾರನೇ ವರ್ಷ ಶಿವರಾತ್ರಿ ಕಳೆದ ಮೇಲೆ ಚಿಕ್ಕಮಲ್ಲಮ್ಮನ ಮಗಳು ಶಿವರಂಜನಿಗೆ ಎರಡನೇ ಹೆರಿಗೆ. ಗುಂಡ್ಲುಪೇಟೆಯಲ್ಲಿ ಮಗಳ ಮನೆ. ಬಾಣಂತನಕ್ಕೆ ಅವ್ವ ಅಲ್ಲಿಗೇ ಹೋದಳು. ಕೂಸಿಗೆ ನೀರೆರೆದು, ಬಾಣಂತಿಗೆ ಮೆಣಸಿನ ಸಾರು ಮಾಡಿ ಹಾಕಿ, ತಿಂಗಳು ಕಳೆದು ವಾಪಸ್ಸು ಬಂದಳು. ಬಸ್ಸಿಳಿದು ಕೆರೆ ಏರಿ ಹತ್ತಿದಾಗ ಆ ಕಡೆ ಆಕಾಶ ಯಾಕೋ ಜಾಸ್ತಿ ಕಂಡಿತು. ಬಿಸಿಲಿಗೆ ಕಣ್ಣು ಮಂಜಾಗಿರಬೇಕೆಂದು ಕಣ್ಣೊರೆಸಿಕೊಂಡು ಮತ್ತೆ ನೋಡಿದಳು. ಮರಗಳಿರಲಿಲ್ಲ.

ಎರಡೂ ಹುಣಸೆಯನ್ನು ಬುಡಕ್ಕೆ ಕೊಯ್ಸಿದ್ದ ಪುಟ್ಟಮಲ್ಲಪ್ಪ ಮಹಾರಾಯ. ಗೂಡಿನ ತುಂಬ ಮರಿಗಳಿದ್ದವು. ಇನ್ನೂ ರೆಕ್ಕೆ ಬಲಿಯದ, ಬಿಳೀ ತುಪ್ಪಳದ ಮರಿಗಳು. ಮರದ ಜೊತೆ ಅವೂ ನೆಲಕ್ಕೆ ಬಿದ್ದವು. ನಾಯಿಗಳು ಎಳೆದೊಯ್ದಷ್ಟು ಒಯ್ದಿದ್ದವು, ಉಳಿದವು ಗದ್ದುಗೆಯ ಮೇಲೆ, ಸುತ್ತ, ಒಣಗಿ ಬಿದ್ದಿದ್ದವು. ಚಿಕ್ಕಮಲ್ಲಮ್ಮ ಬಟ್ಟೆಯ ಗಂಟನ್ನು ಅಲ್ಲೇ ಕೆಳಗಿಟ್ಟು, ಕೈಯಾರೆ ಗುಂಡಿ ತೋಡಿ, ಸಿಕ್ಕ ಮರಿಗಳನ್ನೆಲ್ಲ ಗಂಡನ ಪಕ್ಕದಲ್ಲಿ ಮಣ್ಣು ಮಾಡಿದಳು. ಒಂದು ಹನಿ ಕಣ್ಣೀರು ಬರಲಿಲ್ಲ. ಹೊಟ್ಟೆಯೊಳಗೆ ಕೆಂಡ ಬಿದ್ದಿತ್ತು, ನೀರೆಲ್ಲಿಂದ ಬರಬೇಕು?

ಅಲ್ಲಿಂದ ನೇರ ಭಾವನ ಮನೆ ಬಾಗಿಲಿಗೆ ಬಂದಳು. ಮದುವೆಯಾಗಿ ಬಂದಾಗಿನಿಂದ ಭಾವನೆದುರು ಸೆರಗಿಳಿಸಿದವಳಲ್ಲ, ಎದುರು ನಿಂತು ಮಾತಾಡಿದವಳಲ್ಲ. ಅವತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀದಿಯ ಮಣ್ಣನ್ನು ಬೊಗಸೆಯಲ್ಲೆತ್ತಿ ಅವನ ಜಗಲಿಗೆ ತೂರಿದಳು.

"ನನ್ ಗಂಡನ್ನ ಎರಡನೇ ಸಲ ಸಾಯಿಸ್ಬುಟ್ಯಲ್ಲೋ! ನಿನ್ ಬಾಯ್ಗ ಈ ಮಣ್ ಬೀಳಾ! ನಿನ್ ಕೆರೆ ಬರಿದಾಗಾ!"

ಊರ ಯಜಮಾನರು ಸೇರಿ ನ್ಯಾಯ ಮಾಡಿದರು. ಎಂಥ ನ್ಯಾಯ! ಬದುವಿನ ಮರ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು, ಸೌದೆಯಲ್ಲಿ ಅರ್ಧ ಅವಳ ಮನೆ ಮುಂದೆ ಹಾಕಿಬಿಟ್ಟರೆ ಮುಗಿಯಿತು ಎಂದರು. ಹಾಕಿದರು ಕೂಡ. ಆ ಸೌದೆಯ ಒಂದು ಚೂರನ್ನೂ ಅವಳು ಒಲೆಗಿಡಲಿಲ್ಲ. ಮಳೆಗೆ ನೆನೆದು ಗೆದ್ದಲು ಹಿಡಿದು ಮಣ್ಣಾಯಿತು.

ಆದರೆ ನ್ಯಾಯದ ಕಟ್ಟೆಯಲ್ಲಿ ಪುಟ್ಟಮಲ್ಲಪ್ಪ ಬಾಯಿ ಜಾರಿ ಒಂದು ಮಾತು ಆಡಿದ್ದ. "ನಾನೇನು ಸುಮ್ಕ ಕಡಿಸ್ದಾ? ಆ ಕೊಕ್ಕರೆಗೋಳು ಇದ್ರ ಕೆರೇಲಿ ಒಂದು ಮೀನೂ ಉಳಿಯಾಕಿಲ್ಲ ಕಣ್ರಪ್ಪ. ಪಾಪ, ನಮ್ ರಾಚನ್ ಗತಿ ಏನು?" ರಾಚನ ಮೇಲೆ ಎಂಥ ಕರುಣೆ ನೋಡಿ! ಜನ ಮುಸಿಮುಸಿ ನಕ್ಕರು. ಚಿಕ್ಕಮಲ್ಲಮ್ಮ ನಗಲಿಲ್ಲ. ಅವಳಿಗೆ ಬೇಕಾದ್ದು ಸಿಕ್ಕಿಬಿಟ್ಟಿತ್ತು. ಇವನಿಗೆ ಎಲ್ಲಿ ಮುಟ್ಟಿದರೆ ಉರಿಯುತ್ತದೆ ಎಂದು ಇವನೇ ತೋರಿಸಿಕೊಟ್ಟಿದ್ದ. ಕೊಕ್ಕರೆ ಬಂದರೆ ಮೀನು ಉಳಿಯುವುದಿಲ್ಲ. ಹಾಗಾದರೆ ಕೊಕ್ಕರೆ ಬರಬೇಕು. ಒಂದು ಕೊಕ್ಕರೆ ಇದ್ದ ಕಡೆ ಹತ್ತು ಬರಬೇಕು, ಇವನ ಕೆರೆಯನ್ನು ತಳ ಕೆರೆದು ತಿನ್ನಬೇಕು, ಇವನು ಏರಿಯ ಮೇಲೆ ಕೂತು ತಲೆ ಚಚ್ಚಿಕೊಳ್ಳಬೇಕು, ಅದನ್ನು ತಾನು ಕಣ್ಣಾರೆ ನೋಡಬೇಕು. ಆಮೇಲೆ ಸತ್ತರೂ ಚಿಂತೆಯಿಲ್ಲ ಅಂದುಕೊಂಡಳು.

ಹುಣಸೆ ಸಸಿ ನೆಟ್ಟರೆ ಕೊಕ್ಕರೆ ಕೂರುವ ಹೊತ್ತಿಗೆ ಮೊಮ್ಮಗನಿಗೆ ಮೀಸೆ ಬಂದಿರುತ್ತದೆ. ಅಷ್ಟು ಕಾಯುವ ಸಿಟ್ಟಲ್ಲ ಅದು. ಹಾಗಾಗಿ ಪೈಪುಗಳು ಟೆಂಪೊ ಹತ್ತಿದವು.

ಚಾಮರಾಜನಗರದಲ್ಲಿ ಲಿಯಾಕತ್ ಅಲಿಯದು ಸಣ್ಣ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ, ಟ್ರಾಕ್ಟರಿನ ಮುರಿದ ಕೊಂಡಿ, ಇಂಥದೇ ಕೆಲಸ. ಕಣ್ಣಿಗೆ ಕರೀ ಗಾಜು ಹಿಡಿದು ಕಿಡಿ ಹಾರಿಸುತ್ತಿದ್ದವನು ತಲೆಯೆತ್ತಿ ನೋಡಿದರೆ ಟೆಂಪೊ ಪೈಪು ಇಳಿಸುತ್ತಿದೆ, ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ಹೆಂಗಸು.

"ಸಾಬ್ರೇ, ಇದ್ರಲ್ಲಿ ನಂಗ ಮರ ಮಾಡ್ಕೊಡಿ."

"ಮರ ಬೇಕಾದ್ರೆ ನರ್ಸರಿಗೆ ಹೋಗಿ ಅಮ್ಮಾ. ನಾನು ಗೇಟ್ ಮಾಡೋನು."

"ನರ್ಸರಿ ಮರಾನ ಕಡೀತಾರ. ಕಡಿಯಾಕ ಆಗ್ದೇ ಇರೋ ಮರ ಬೇಕು. ಮೇಲ್ಗಡೆ ಕೊಂಬೆ ಬರ್ಲಿ, ಕೊಂಬೆ ಮ್ಯಾಲ ಅಗಲವಾಗಿ ಮಂಕರಿ ಥರ ಕೂರ್ಸಿ. ಕೊಕ್ಕರೆ ಗೂಡು ಕಟ್ಬೇಕು."

ಲಿಯಾಕತ್ ಅಲಿ ಕರೀ ಗಾಜನ್ನು ಕೆಳಗಿಟ್ಟ. ಹುಚ್ಚಿಯೋ ಹೇಗೆ ಎಂದು ಒಂದು ಕ್ಷಣ ನೋಡಿದ. ಅವನ ಹೆಂಡತಿ ಫಖ್ರುನ್ನೀಸಾ ಒಳಗಿಂದ ಟೀ ತಂದುಕೊಟ್ಟಳು. ಹೊರಗೆ ನೀರನ್ನೂ ಮುಟ್ಟದ ಚಿಕ್ಕಮಲ್ಲಮ್ಮ ಆವತ್ತು ಸಿಟ್ಟಿನಲ್ಲಿ ಮಡಿ ಮರೆತು ಟೀ ಕುಡಿಯುತ್ತ ಕಥೆಯನ್ನೆಲ್ಲ ಹೇಳಿದಳು. ಮರಿಗಳನ್ನು ಮಣ್ಣು ಮಾಡಿದ್ದನ್ನು ಹೇಳುವಾಗ ಫಖ್ರುನ್ನೀಸಾ ಸೆರಗು ಬಾಯಿಗೊತ್ತಿಕೊಂಡು ಗಂಡನಿಗೆ ಉರ್ದುವಿನಲ್ಲಿ ಏನೋ ಅಂದಳು. ಲಿಯಾಕತ್ ಅಲಿ ಅಳತೆಪಟ್ಟಿ ಎತ್ತಿಕೊಂಡ.

ಮುಂಗಾರಿಗೆ ಮೊದಲೇ ಅವಳ ಹೊಲದ ತಗ್ಗಿನಲ್ಲಿ ಐದಾರು ಕಬ್ಬಿಣದ ಮರಗಳು ಎದ್ದು ನಿಂತವು. ಎರಡಾಳೆತ್ತರದ ಕಂಬ, ನಾಲ್ಕು ಕಡೆಗೆ ಕೈಚಾಚಿದ ಕೊಂಬೆ, ಕೊಂಬೆ ಕೊಂಬೆಗೂ ಜಾಲರಿಯ ತಟ್ಟೆ. ಪುಟ್ಟಮಲ್ಲಪ್ಪ ಓಡೋಡಿ ಬಂದು ಇದು ಕೆರೆಯ ಜಾಗ ಎಂದು ತಗಾದೆ ತೆಗೆದ. ಅಳೆದು ನೋಡಿದರೆ ಒಂದೊಂದು ಕಂಬವೂ ಅವಳ ಪಟ್ಟಾ ಜಮೀನಿನೊಳಗೇ ಇತ್ತು. ಅವನು ಹಲ್ಲು ಕಡಿದು, "ಇದ್ರ ಮ್ಯಾಲ ಕೊಕ್ಕರೆ ಕೂತ್ರ ನಾನು ಮೀಸೆ ಬೋಳಿಸ್ಕೋತೀನಿ" ಎಂದು ಹೋದ. ಊರವರು ಅದಕ್ಕೆ ಹುಚ್ಚು ಮಲ್ಲಿಯ ತೋಪು ಎಂದು ಹೆಸರಿಟ್ಟರು.

ಮೊದಲ ವರ್ಷ ಕೊಕ್ಕರೆ ಬಂದವು. ಮರ ಇದ್ದ ಜಾಗದ ಮೇಲೆ ಸುತ್ತು ಹಾಕಿದವು, ಕಬ್ಬಿಣದ ಮೇಲೆ ಇಳಿದವು, ಒಂದು ಕಾಲು ಎತ್ತಿ ಇನ್ನೊಂದು ಕಾಲು ಇಟ್ಟವು, ಹಾರಿ ಹೋದವು. ಪುಟ್ಟಮಲ್ಲಪ್ಪ ಏರಿಯ ಮೇಲೆ ಮೀಸೆ ತಿರುವುತ್ತ ನಿಂತಿದ್ದ. ಚಿಕ್ಕಮಲ್ಲಮ್ಮ ಮನೆಗೆ ಬಂದು ತಲೆಬಾಗಿಲು ಹಾಕಿಕೊಂಡು, ಗೋಡೆಗೆ ಹಣೆ ಚಚ್ಚಿಕೊಂಡಳು.

ಲಿಯಾಕತ್ ಅಲಿಗೆ ಹೇಳಿ ಕಳಿಸಿದಳು. ಅವನು ಉರಿಬಿಸಿಲಿನಲ್ಲಿ ಏಣಿ ಹಾಕಿ ಹತ್ತಿ, ತಟ್ಟೆಗೆ ಅಂಗೈ ಇಟ್ಟು, ಚುರ್ರೆಂದು ಕೈ ಕಿತ್ತುಕೊಂಡ.

"ಅಮ್ಮಾ, ಇದು ತವೆ ಆಗೋಗೈತೆ. ತವೆ ಮೇಲೆ ಯಾರಾದ್ರೂ ಬಾಣಂತನ ಮಾಡ್ತಾರಾ?"

"ಮಾಡಿದ್ದು ನೀವೇ ಅಲ್ವಾ ಸಾಬ್ರೇ!"

"ನಾನು ಮಾಡಿದ್ದು ಗೇಟ್ ಅಂದ್ಕೊಂಡು. ಗೇಟ್ ಮೇಲೆ ಯಾರೂ ಮಲಗಲ್ಲ."

ಇಬ್ಬರೂ ಕೂತು ಬೈದುಕೊಂಡೇ ದಾರಿ ಹುಡುಕಿದರು. ಕೊಂಬೆಗಳಿಗೆಲ್ಲ ತೆಂಗಿನ ನಾರಿನ ಹಗ್ಗ ಸುತ್ತಿದರು. ತಟ್ಟೆಗಳ ತುಂಬ ಜಾಲಿಮುಳ್ಳಿನ ಕೊಂಬೆ ತುರುಕಿ ತಂತಿಯಲ್ಲಿ ಬಿಗಿದರು. ಕಡೆಗೆ ಚಿಕ್ಕಮಲ್ಲಮ್ಮ ತಾನೇ ಒಂದು ಉಪಾಯ ಹೂಡಿದಳು. ಕೊಕ್ಕರೆ ಕೂತ ಮರ ಹಿಕ್ಕೆ ಬಿದ್ದು ಬೆಳ್ಳಗಿರುತ್ತದೆ; ಬೆಳ್ಳಗಿದ್ದರೆ ತಾನೆ ಇನ್ನೊಂದು ಕೊಕ್ಕರೆಗೆ ಇಲ್ಲಿ ನಮ್ಮವರಿದ್ದಾರೆ ಎಂದು ಗೊತ್ತಾಗುವುದು? ಸುಣ್ಣ ಕಲಸಿ, ಪೊರಕೆಯಲ್ಲಿ ಅದ್ದಿ, ಮರಗಳ ಮೇಲೆಲ್ಲ ಚಳಪಳ ಎರಚಿದಳು. ಮೈಮೇಲೆಲ್ಲ ಸುಣ್ಣ ಬಿದ್ದು ಕೈ ಸುಟ್ಟು ಬೊಬ್ಬೆ ಬಂತು. ಬೊಬ್ಬೆಗೆ ಎಣ್ಣೆ ಸವರುತ್ತ, "ತಿನ್ನಿ ನನ್ನವ್ವಗಳಿರಾ, ಅವನ್ ಮೀನು ಒಂದೂ ಉಳಿಸ್ಬೇಡಿ" ಎಂದು ಖಾಲಿ ಆಕಾಶಕ್ಕೆ ಕೈ ಮುಗಿದಳು.

ಎರಡನೇ ವರ್ಷ ಸಂಕ್ರಾಂತಿ ಮುಗಿಯುವುದಕ್ಕಿಲ್ಲ, ಕೊಕ್ಕರೆಗಳು ಬಂದವು. ಒಂದು ಜೋಡಿ ಕೂತಿತು. ಆ ಜೋಡಿಯನ್ನು ನೋಡಿ ಇನ್ನೆರಡು ಜೋಡಿ ಬಂತು. ಶಿವರಾತ್ರಿಯ ಹೊತ್ತಿಗೆ ಹುಚ್ಚು ಮಲ್ಲಿಯ ತೋಪಿನಲ್ಲಿ ಕಬ್ಬಿಣ ಕಾಣುತ್ತಿರಲಿಲ್ಲ. ಗೂಡಿನೊಳಗಿಂದ ಮರಿಗಳ ಕಿರುಚಾಟ ಊರಿಗೆ ಕೇಳುತ್ತಿತ್ತು. ಪುಟ್ಟಮಲ್ಲಪ್ಪನ ಮೀಸೆ ಇದ್ದಲ್ಲೇ ಇತ್ತು, ಆದರೆ ಮುಖ ಮಾತ್ರ ಹರಳೆಣ್ಣೆ ಕುಡಿದವನ ಹಾಗಾಗಿತ್ತು. ಕೊಕ್ಕರೆಯೊಂದು ನೀರಿಗಿಳಿದು ಕೊಕ್ಕಿನ ತುಂಬ ಮೀನು ಕಚ್ಚಿಕೊಂಡು ಮೇಲೆದ್ದಾಗೆಲ್ಲ ಚಿಕ್ಕಮಲ್ಲಮ್ಮನ ಹೊಟ್ಟೆಗೆ ಹಾಲು ಹುಯ್ದಂತಾಗುತ್ತಿತ್ತು. ದಿನವಿಡೀ ಅಲ್ಲೇ ಕೂತು ನೋಡುವಳು. ಗಂಡನಿಗೆ ಈಗ ಮನೆಯ ಸಮಾಚಾರವಲ್ಲ, ಭಾವನ ಕೆರೆ ಬರಿದಾಗುವ ಸಮಾಚಾರ ಹೇಳುವಳು.

ಬೇಸಿಗೆ ಬಲಿತು ಕೆರೆಯ ನೀರು ನಡುಗುಂಡಿಗೆ ಇಳಿಯಿತು. ಮೀನು ಹಿಡಿಯುವ ದಿನ ಗೊತ್ತಾಯಿತು. ಆವತ್ತು ಚಿಕ್ಕಮಲ್ಲಮ್ಮ ತಲೆಗೆ ಸ್ನಾನ ಮಾಡಿ, ಮಗಳು ಕೊಡಿಸಿದ ಹೊಸ ಸೀರೆ ಉಟ್ಟು, ಬಾಯಿತುಂಬ ಎಲೆಅಡಿಕೆ ಹಾಕಿಕೊಂಡು ಏರಿಯ ಮೇಲೆ ಬಂದು ಕೂತಳು. ಊರಿನ ಹೆಣ್ಣುಗಳು, "ಏನವ್ವಾ, ಮದ್ವೆ ಮನೆಗ್ ಓದಂಗ್ ಬಂದಿದ್ದೀಯೆ?" ಎಂದರೆ, "ಮದ್ವೆಯಲ್ಲ ಕಣಮ್ಮಿ, ತಿಥಿ. ಊಟ ನಂದೇ" ಎಂದಳು.

ಬಲೆ ಎಳೆದರು. ಬಲೆ ಬರಲಿಲ್ಲ. ಇನ್ನೂ ನಾಲ್ಕು ಜನ ನೀರಿಗಿಳಿದು ಎಳೆದರು. ನೀರು ಕುದಿದ ಹಾಗೆ ಎದ್ದಿತು. ಬಲೆಯೊಳಗೆ ಕಾಟ್ಲಾ ಮೀನುಗಳು, ಒಂದೊಂದೂ ಹಾಲು ಕುಡಿಯುವ ಕೂಸಿನ ಗಾತ್ರ, ಪಟಪಟ ಬಡಿಯುತ್ತಿದ್ದವು. ಕೇರಳದಿಂದ ಬಂಡೀಪುರ ದಾಟಿ ಬಂದಿದ್ದ ಲಾರಿಯ ಮಲಯಾಳಿ ವ್ಯಾಪಾರಿ ಮುಂಡು ಎತ್ತಿ ಕಟ್ಟಿ ಕೆಸರಿಗೆ ಹಾರಿ ನಿಂತ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಳೆದರೂ ಮೀನು ಮುಗಿಯಲಿಲ್ಲ; ಇನ್ನೊಂದು ಲಾರಿಗೆ ಫೋನು ಮಾಡಿಸಿದರು.

ಚಿಕ್ಕಮಲ್ಲಮ್ಮನ ಬಾಯಲ್ಲಿದ್ದ ಎಲೆಅಡಿಕೆ ಅಲ್ಲೇ ನಿಂತುಹೋಯಿತು. ಕೆಸರು ಮೆತ್ತಿಕೊಂಡು ಮೇಲೆ ಬಂದ ರಾಚಯ್ಯನನ್ನು ಕೂಗಿದಳು.

"ಲೋ ರಾಚ, ಕೊಕ್ಕರೆ ತಿನ್ನಲಿಲ್ವೇನ್ಲಾ?"

"ತಿಂದವೆ ಕಣವ್ವಾ, ಚೆನ್ನಾಗೇ ತಿಂದವೆ! ಅಂಚ್ನಲ್ಲಿರೋ ಜಿಲೇಬಿ ಮೀನು, ಚಿಲ್ಲರೆ ಮೀನು, ಎಲ್ಲಾನೂ ಬಳಿದ್ಬುಟ್ಟವೆ. ಆ ಚಿಲ್ಲರೆ ಮುಂಡೇವು ಇದ್ದಿದ್ರ ನಾವು ಬುಟ್ಟ ಮರಿಗ ಮೇವೇ ಸಿಕ್ತಿರ್ನಿಲ್ಲ. ಕಾಟ್ಲಾ ನಡು ಆಳ್ದಲ್ಲಿ ಇರ್ತದ, ಅಲ್ಲೀಗ ಕೊಕ್ಕರೆ ಕಾಲು ನಿಲುಕದಾ? ಮ್ಯಾಲ ಇಕ್ಕೆ ಬಿದ್ದು ಬಿದ್ದು ನೀರೆಲ್ಲ ಹಸ್ರು ಕಟ್ಬುಡ್ತು. ಕಾಟ್ಲಾಗ ಅದೇ ಹಬ್ಬದೂಟ." ರಾಚಯ್ಯ ಮುಗ್ಧನಾಗಿ ಕೈ ಮುಗಿದ. "ನಿಮ್ ಕೊಕ್ಕರೆ ದಯೆ ಕಣವ್ವಾ. ನೀವು ಮೀನು ತಿನ್ನೋರಲ್ಲ, ನಿಮ್ಗ ಎಂಗ್ ಗೊತ್ತಾದದು!"

ಹುಟ್ಟಿದಾಗಿನಿಂದ ಮೀನಿನ ಬಾಲ ಯಾವುದು ತಲೆ ಯಾವುದು ಎಂದು ಹತ್ತಿರದಿಂದ ನೋಡದವಳು ಮೀನಿನಲ್ಲಿ ಸೇಡು ತೀರಿಸಿಕೊಳ್ಳಲು ಹೋಗಿದ್ದಳು. ಮೀನು ಅಂದರೆ ಎಲ್ಲ ಒಂದೇ, ಹಕ್ಕಿ ಬಾಯಿಗೆ ಸಿಕ್ಕಿದ್ದೆಲ್ಲ ಭಾವನ ಗಂಟು ಎಂದು ತಿಳಿದಿದ್ದಳು. ಮರ ಕಡಿಸಿದವನಿಗೂ ಅಷ್ಟೇ ಗೊತ್ತಿದ್ದದ್ದು. ಇಬ್ಬರೂ ಒಂದೇ ಮನೆಯ ಸೊಪ್ಪುಸಾರು ಉಂಡವರಲ್ಲವೇ!

ಪುಟ್ಟಮಲ್ಲಪ್ಪ ಯಾವತ್ತೂ ಮೀನು ಹಿಡಿಯುವ ದಿನ ಕೆರೆಯ ಹತ್ತಿರ ಸುಳಿದವನಲ್ಲ. ಆವತ್ತು ಮೂಗಿಗೆ ಟವಲು ಸುತ್ತಿಕೊಂಡು ಬಂದೇಬಿಟ್ಟ. ಊರವರೆಲ್ಲ ನೋಡುತ್ತಿದ್ದಂತೆ ಚಿಕ್ಕಮಲ್ಲಮ್ಮನ ಮುಂದೆ ನಿಂತು, ಟವಲು ಸರಿಸಿ, ಬಾಯಿತುಂಬ ನಕ್ಕ.

"ನಮ್ ಚಿಕ್ಕಮಲ್ಲಿ ಮಣ್ ತೂರುದ್ಲು, ಚಿನ್ನ ಬಿತ್ತು ಕಣ್ರಪ್ಪ! ಬರೋ ವರ್ಷಕ್ಕೂ ಇಂಗೇ ಶಾಪ ಆಕು ಕಣಮ್ಮಿ!"

ಏರಿಯ ಮೇಲಿದ್ದವರೆಲ್ಲ ನಕ್ಕರು. ಅವಳ ಪಕ್ಕದಲ್ಲಿ ಕೂತಿದ್ದ ಹೆಣ್ಣುಗಳೂ ನಕ್ಕರು. ಚಿಕ್ಕಮಲ್ಲಮ್ಮ ಎದ್ದು, ಎಲೆಅಡಿಕೆ ಉಗಿದು, ಹೊಸ ಸೀರೆಯ ಅಂಚು ಕೆಸರಾಗುವುದನ್ನೂ ನೋಡದೆ ಮನೆಗೆ ನಡೆದಳು. ರಾತ್ರಿಯೆಲ್ಲ ನಿದ್ದೆಯಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತಲ್ಲ ಎಂದು ಹೊರಳಾಡಿದಳು. ಗಂಡನ ಗೋರಿಯ ಮೇಲೆ ಮರಿಗಳನ್ನು ಚೆಲ್ಲಿದವನ ಮನೆಗೆ ತಾನೇ ಎರಡು ವರ್ಷ ಗೊಬ್ಬರ ಹೊತ್ತಳು! ಇನ್ನು ಆ ಕಬ್ಬಿಣ ನಿಂತಿರಬಾರದು. ಒಂದು ಕಂಬವೂ ಇರಬಾರದು.

ಮಾರನೆಯ ಮಧ್ಯಾಹ್ನ ಮಚ್ಚು ಹಿಡಿದು ಹೊಲಕ್ಕೆ ಹೋದಳು. ಕಂಬ ಕೊಯ್ಯಲು ಮಚ್ಚಿಗಾಗದಿದ್ದರೂ ಹಗ್ಗ, ಮುಳ್ಳು, ಗೂಡು ಕತ್ತರಿಸಿ ಕೆಡವಬಹುದು. ಏಣಿ ಇಟ್ಟು ಹತ್ತಿದಳು. ತಡವಾಗಿ ಮೊಟ್ಟೆಯಿಟ್ಟ ಒಂದಷ್ಟು ಜೋಡಿಗಳ ಮರಿಗಳು ಇನ್ನೂ ಗೂಡಿನಲ್ಲಿದ್ದವು. ನೆತ್ತಿ ಸೀಳುವ ಬಿಸಿಲು. ತಾಯಿ ಕೊಕ್ಕರೆ ಎರಡೂ ರೆಕ್ಕೆ ಬಿಚ್ಚಿ ಮರಿಗಳಿಗೆ ನೆರಳು ಹಿಡಿದು ನಿಂತಿತ್ತು. ಮಚ್ಚು ಕಂಡರೂ ಹಾರಲಿಲ್ಲ. ಬಾಯಿ ಬಿಟ್ಟು ಏದುಸಿರು ಬಿಡುತ್ತ ಅವಳನ್ನೇ ನೋಡಿತು.

ಕೈ ಏಳಲಿಲ್ಲ. ಏಳಬೇಕೆಂದು ಅವಳು ಎಷ್ಟು ಬೈದುಕೊಂಡಳೋ! "ಎತ್ತೇ ಮುಂಡೇ, ಕೈ ಎತ್ತೇ" ಎಂದು ತನಗೆ ತಾನೇ ಗದರಿದಳು. ಅಷ್ಟರಲ್ಲಿ ಹೆದರಿದ ಮರಿಯೊಂದು ಹೊಟ್ಟೆಯೊಳಗಿದ್ದ ಮೀನನ್ನೆಲ್ಲ ಅವಳ ತೋಳಿನ ಮೇಲೆ ಕಾರಿಕೊಂಡಿತು. ಮೀನಿನ ನಾತ, ಹಸಿ ಬೆಚ್ಚನೆಯ ಅಂಟು. ಏಣಿಯಿಂದಿಳಿದು ಗದ್ದುಗೆಗೆ ಒರಗಿ ಕೂತು, ಮರ ಹೋದಾಗ ಬಾರದ ಅಳುವನ್ನು ಆವತ್ತು ಅತ್ತಳು. ಕನಿಕರಕ್ಕೆ ಅತ್ತದ್ದಲ್ಲ, ಅವನ ಮೇಲಿನ ಸಿಟ್ಟಿಗೆ, ತನ್ನ ಕೈಲಾಗದ್ದಕ್ಕೆ ಅತ್ತಳು. ಕಡಿದರೆ ತಾನೂ ಅವನೇ ಆದಂತೆ. ಕಡಿಯದಿದ್ದರೆ ಅವನು ವರ್ಷ ವರ್ಷವೂ ನಗುತ್ತಾನೆ.

ಸಂಜೆ ಪುಟ್ಟಮಲ್ಲಪ್ಪನೇ ಅವಳ ಜಗಲಿಗೆ ಬಂದ. ತೆಂಗಿನಕಾಯಿ, ಬಾಳೆಹಣ್ಣು ಬೇರೆ ತಂದಿದ್ದ.

"ಆದದ್ದು ಆಗೋಯ್ತು ಕಣಮ್ಮಿ. ಬರೋ ವರ್ಷಕ್ಕ ಇನ್ನೂ ಹತ್ತು ಮರ ನಿಲ್ಸು. ಪೈಪು ನಾನ್ ಕೊಡುಸ್ತೀನಿ."

ಗೋಡೆಗೊರಗಿದ್ದ ಚಿಕ್ಕಮಲ್ಲಮ್ಮ ಅವನ ಮುಖವನ್ನು ನೋಡಿದಳು. ಆಸೆಯಿಂದ ಅವನ ಬಾಯಿ ಒದ್ದೆಯಾಗಿತ್ತು. ಎರಡು ವರ್ಷದಿಂದ ತಪ್ಪು ಕಡೆ ಮುಟ್ಟಿದ್ದೆ, ಉರಿಯುವ ಜಾಗ ಇಲ್ಲಿದೆ ಎಂದು ಅವಳಿಗೆ ಥಟ್ಟನೆ ಹೊಳೆಯಿತು.

"ಮರ ಎಲ್ಲಿದ್ದಾವು ಬಾವ? ನಾಳಿದ್ದು ಸಾಬ್ರು ಬತ್ತಾವ್ರ. ಎಲ್ಲಾನೂ ಕೊಯ್ಸಿ ಗುಜರಿಗ ಆಕುಸ್ತೀನಿ."

"ಏಯ್! ಮರಿ ಅವಲ್ಲಮ್ಮಿ ಇನ್ನೂವಾ!"

"ಆವತ್ತೂ ಇದ್ವು."

ಪುಟ್ಟಮಲ್ಲಪ್ಪ ಬೆವರು ಒರೆಸಿಕೊಂಡ. ಬೈದ, ನಕ್ಕ, ಒಂದೇ ರಕ್ತ ಒಂದೇ ಮನೆ ಎಂದ. ಅವಳು ಜಗ್ಗಲಿಲ್ಲ. ಕೊಯ್ಸಬಾರದು ಅಂದರೆ ಒಂದೇ ದಾರಿ ಎಂದಳು. ಊರವರ ಮುಂದೆ ಶಿವಮಲ್ಲಪ್ಪನ ಗದ್ದುಗೆಗೆ ಅಡ್ಡಬಿದ್ದು ತಪ್ಪಾಯ್ತು ಅನ್ನಬೇಕು. ಆವತ್ತೊಂದು ದಿನ ಅಲ್ಲ, ಪ್ರತಿ ವರ್ಷ ಕೊಕ್ಕರೆ ಬಂದು ಕೂತ ದಿನ ಬಂದು ಬೀಳಬೇಕು.

ಪುಟ್ಟಮಲ್ಲಪ್ಪ ಹಾವು ತುಳಿದವನಂತೆ ಎದ್ದ. ಅಣ್ಣ ತಮ್ಮನಿಗೆ ಅಡ್ಡಬೀಳುವುದೇ? ಆ ಸೀಮೆಯಲ್ಲಿ ಹುಟ್ಟಿದ ಯಾರನ್ನಾದರೂ ಕೇಳಿ. ಕಿರಿಯನು ಸತ್ತರೆ ಹಿರಿಯನು ಹೂವು ಏರಿಸಬಹುದು, ನಿಂತು ಕೈ ಮುಗಿಯಬಹುದು. ಮಂಡಿಯೂರುವಂತಿಲ್ಲ. ಊರಿದರೆ ಅವನ ಹಿರಿತನ ಅಲ್ಲಿಗೆ ಮುಗಿಯಿತು. ನಾಳೆ ನ್ಯಾಯದ ಕಟ್ಟೆಯ ಮೇಲೆ ಅವನಿಗೆ ಯಾರೂ ಜಾಗ ಬಿಡುವುದಿಲ್ಲ.

"ನನ್ ಎಣ ಬೀಳ್ಬೇಕು ಅಲ್ಲಿ, ನಾನ್ ಬೀಳಾಕಿಲ್ಲ" ಎಂದು ತೆಂಗಿನಕಾಯಿಯನ್ನೂ ಎತ್ತಿಕೊಂಡು ಹೋದ.

ಹೇಳಿದ ದಿನ ಲಿಯಾಕತ್ ಅಲಿ ಬಂದ. ಲಗೇಜ್ ಆಟೊದಲ್ಲಿ ಸಿಲಿಂಡರು, ಕೆಂಪು ಕಪ್ಪು ಪೈಪು, ಗ್ಯಾಸ್ ಕಟ್ಟಿಂಗ್ ಸೆಟ್ಟು. ಊರಿಗೂರೇ ಹೊಲದ ಬದುವಿನಲ್ಲಿ ನಿಂತಿತ್ತು. ಏರಿಯ ಮೇಲೆ ನಕ್ಕಿದ್ದ ಹೆಣ್ಣುಗಳೇ ಈಗ, "ಬ್ಯಾಡ ಕಣವ್ವಾ, ಪಾಪ ಸುತ್ಕೋತದ, ಮರಿಗೋಳು ಏನ್ ಮಾಡಿದ್ದಾವು" ಎಂದು ಅವಳ ಕೈ ಹಿಡಿದರು. ಕೈ ಕೊಡವಿಕೊಂಡಳು.

"ಅಮ್ಮಾ, ನಿಜವಾಗ್ಲೂ ಕೊಯ್ಬೇಕಾ?" ಲಿಯಾಕತ್ ಅಲಿ ತಗ್ಗಿದ ದನಿಯಲ್ಲಿ ಕೇಳಿದ. ಅವನ ಮುಖ ಸಣ್ಣಗಾಗಿತ್ತು. ನಾರು ಸುತ್ತಿ ಮುಳ್ಳು ಬಿಗಿದವನು ಅವನೇ ಅಲ್ಲವೇ.

"ಬೆಂಕಿ ಅಚ್ಚಿ ಸಾಬ್ರೇ."

ಬೆಂಕಿ ಹತ್ತಿತು. ಭುಸ್ಸೆಂದು ನೀಲಿ ಉರಿ ಹೊರಟಿತು. ಮೇಲೆ ಕೊಕ್ಕರೆಗಳು ಗಲಿಬಿಲಿಯಾಗಿ ಎದ್ದವು, ಮರಿಗಳು ಕಿರುಚಿದವು. ಲಿಯಾಕತ್ ಅಲಿ ಮೊದಲ ಕಂಬದ ಬುಡಕ್ಕೆ ಕುಕ್ಕರುಗಾಲಿನಲ್ಲಿ ಕೂತ. ಉರಿಯನ್ನು ಕಬ್ಬಿಣದ ಹತ್ತಿರ ಹಿಡಿದ. ಕಬ್ಬಿಣ ಕೆಂಪಗಾಗತೊಡಗಿತು. ಚಿಕ್ಕಮಲ್ಲಮ್ಮ ಕಲ್ಲಿನಂತೆ ನಿಂತಿದ್ದಳು.

"ನಿಲ್ಸೋ! ನಿಲ್ಸೋ ಸಾಬಿ!"

ಪುಟ್ಟಮಲ್ಲಪ್ಪ ಏರಿಯಿಳಿದು ಓಡಿ ಬಂದ. ಪಂಚೆ ಕೆಸರಾಗಿತ್ತು, ಚಪ್ಪಲಿ ಎಲ್ಲೋ ಬಿದ್ದಿತ್ತು. ಗದ್ದುಗೆಯ ಮುಂದೆ ಬಂದು ನಿಂತು ಅವಳ ಮುಖ ನೋಡಿದ. ಅವಳು ಕಂಬವನ್ನೇ ನೋಡುತ್ತಿದ್ದಳು. ಅವನು ಮೆಲ್ಲಗೆ ಒಂದು ಮಂಡಿಯೂರಿದ, ಇನ್ನೊಂದನ್ನೂ ಊರಿದ, ಆಮೇಲೆ ಇಡೀ ಮೈ ಚಾಚಿ, ಕೊಕ್ಕರೆಯ ಹಿಕ್ಕೆ ಬಿದ್ದ ನೆಲಕ್ಕೆ ಹಣೆಯಿಟ್ಟ. ವಿಭೂತಿಯೆಲ್ಲ ಮಣ್ಣಾಯಿತು.

"ತಪ್ಪಾಯ್ತು ಕಣ್ಲಾ ತಮ್ಮ" ಎಂದ. ದನಿ ಹೊರಡಲೇ ಇಲ್ಲ.

"ಕೇಳ್ನಿಲ್ಲ. ಅಲ್ಲಿ ನಿನ್ ತಮ್ಮ ಒಬ್ನೇ ಇಲ್ಲ, ಮರಿಗೋಳೂ ಅವ. ಎಲ್ಲಾರ್ಗೂ ಕೇಳಂಗೆ ಅನ್ನು."

ಅವನು ಮತ್ತೆ ಅಂದ, ಊರಿಗೆಲ್ಲ ಕೇಳುವಂತೆ. ಯಜಮಾನರು ತಲೆ ತಗ್ಗಿಸಿ ನಿಂತಿದ್ದರು. ಒಬ್ಬರೂ ಹೋಗಿ ಅವನನ್ನು ಎತ್ತಲಿಲ್ಲ. ತಾನೇ ಎದ್ದು, ಮುಖ ಒರೆಸದೆ, ಯಾರನ್ನೂ ನೋಡದೆ ಹೋದ. ಚಿಕ್ಕಮಲ್ಲಮ್ಮನಿಗೆ ಸಮಾಧಾನವಾಯಿತೇ? ಇಲ್ಲ. ಆದರೆ ಬರುವ ವರ್ಷ ಮತ್ತೆ ಬೀಳುತ್ತಾನಲ್ಲ, ಅದರ ಮುಂದಿನ ವರ್ಷವೂ ಬೀಳುತ್ತಾನಲ್ಲ ಎಂದು ನೆನೆದಾಗ ಒಂದು ಉಸಿರು ಸರಾಗವಾಗಿ ಬಂತು.

ಜನ ಚದುರಿದ ಮೇಲೆ ಲಿಯಾಕತ್ ಅಲಿ ಸಿಲಿಂಡರಿನ ಕಿವಿ ತಿರುಗಿಸಿ ಬಿಗಿಮಾಡಿ, ಪೈಪು ಸುತ್ತುತ್ತ ಕೇಳಿದ.

"ಅಮ್ಮಾ, ಅವ್ರು ಬೀಳ್ದೇ ಇದ್ದಿದ್ರೆ ನಿಜವಾಗ್ಲೂ ಕೊಯ್ಸ್ತಿದ್ರಾ?"

"ಮೊನ್ನೇನೇ ಮಚ್ಚು ತಕ್ಕೊಂಡ್ ಬಂದಿದ್ದಿ ಸಾಬ್ರೇ. ಕೈ ಏಳ್ನಿಲ್ಲ."

"ಹಾಗಾದ್ರೆ ಅವ್ರು ಹೇಗೆ ನಂಬ್ಬಿಟ್ರು?"

ಚಿಕ್ಕಮಲ್ಲಮ್ಮ ಕೆಂಪಗಾಗಿದ್ದ ಕಂಬಕ್ಕೆ ಚೊಂಬಿನ ನೀರು ಹುಯ್ದಳು.

"ಅಂವ ಆಗಿದ್ರ ಕೊಯ್ಸೇ ಕೊಯ್ಸ್ತಿದ್ದ ಕಣಪ್ಪ. ಅದ್ಕೇ ನಂಬ್ದ."